ಎರಡೂವರೆ ಜಿಬಿ ಮಿತಿ, ನಾಲ್ಕು ಜಿಬಿ ಸಿನಿಮಾ: ಕೊಡಗಿನಿಂದ ಕಂಡ ಬ್ರಾಡ್‌ಬ್ಯಾಂಡ್ ಲೆಕ್ಕ

ಇವತ್ತು ಪೇಟೆಯಲ್ಲಿ ಫೈಬರ್ ಕನೆಕ್ಷನ್ ಹಾಕಿಸಿಕೊಂಡರೆ ತಿಂಗಳಿಗೆ 3,300 ಜಿಬಿ ಮಿತಿಯ ಪ್ಲಾನ್ ಸಾಮಾನ್ಯ. ಅಂಥದ್ದೊಂದು ಮಿತಿ ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ, ಯಾಕೆಂದರೆ ಅದನ್ನು ಮುಟ್ಟುವವರೇ ಅಪರೂಪ. ಅದೇ ಮಡಿಕೇರಿಯಿಂದ ಸ್ವಲ್ಪ ಒಳಗೆ, ಗಾಳಿಬೀಡು ಕಡೆಯೋ ಭಾಗಮಂಡಲ ಕಡೆಯೋ ಒಂದು ತೋಟದ ಮನೆಗೆ ಹೋಗಿ ನೋಡಿ. ವೈರ್ ಬಾರದ ಮನೆಯಲ್ಲಿ ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕೇ ಗತಿ. ಸಂಜೆ ಹೊತ್ತಿಗೆ ‘ಶೇ. 90 ಡೇಟಾ ಮುಗಿದಿದೆ’ ಅಂತ ಮೆಸೇಜ್ ಬರುತ್ತದೆ. ಒಂದೇ ಜಿಲ್ಲೆ, ಒಂದೇ ವರ್ಷ, ಆದರೆ ಎರಡು ಬೇರೆ ಕಾಲ. ಇದು ಹೇಗಾಯಿತು ಅಂತ ತಿಳಿಯಲು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಕೇಂದ್ರ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಬಂದದ್ದು 2004ರಲ್ಲಿ. ಕನಿಷ್ಠ 256 ಕೆಬಿಪಿಎಸ್ ವೇಗ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಅಂತ ಆಗ ಒಪ್ಪಿಕೊಂಡರು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾಒನ್’ ಹೆಸರಿನಲ್ಲಿ ಸೇವೆ ಶುರು ಮಾಡಿತು. ಇದ್ದ ಲ್ಯಾಂಡ್‌ಲೈನ್ ವೈರಿನಲ್ಲೇ ಇಂಟರ್ನೆಟ್, ಅದೂ ಫೋನ್ ಎಂಗೇಜ್ ಆಗದೆ. ಡಯಲ್‌ಅಪ್‌ನ ಕೀರಲು ಸದ್ದು ಕೇಳಿ ಸುಸ್ತಾದವರಿಗೆ ಇದು ದೊಡ್ಡ ಸಂಗತಿಯೇ ಆಗಿತ್ತು.

ಆದರೆ ಮಿತಿ ಇತ್ತು. ಅಗ್ಗದ ಪ್ಲಾನ್‌ಗಳಲ್ಲಿ ತಿಂಗಳಿಗೆ ಒಂದು ಜಿಬಿಯೂ ಸಿಗುತ್ತಿರಲಿಲ್ಲ. ಆಗ ಅದು ಯಾರಿಗೂ ಅಷ್ಟೊಂದು ಕಡಿಮೆ ಅನ್ನಿಸಲಿಲ್ಲ. ಇಮೇಲ್ ನೋಡುವುದು, ಕಾಫಿ ರೇಟು ನೋಡುವುದು, ಮಕ್ಕಳ ರಿಸಲ್ಟ್ ನೋಡುವುದು. ಇಷ್ಟಕ್ಕೆ ಎಷ್ಟು ಬೇಕು? 256 ಕೆಬಿಪಿಎಸ್ ವೇಗದಲ್ಲಿ ಜಾಸ್ತಿ ಇಳಿಸಲು ತಾಳ್ಮೆಯೂ ಇರುತ್ತಿರಲಿಲ್ಲ ಬಿಡಿ.

ತೊಂದರೆ ಶುರುವಾದದ್ದು ವೇಗ ಹೆಚ್ಚಿದಾಗ. 2007ರ ಹೊತ್ತಿಗೆ ‘2 ಎಂಬಿಪಿಎಸ್‌ವರೆಗೆ’ ಅನ್ನುವ ಮಾತು ಬಂತು. ತುಂಬಾ ಮನೆಗಳಿಗೆ ನೆನಪಿರುವುದು 500 ರೂಪಾಯಿಯ ಪ್ಲಾನ್. 2 ಎಂಬಿಪಿಎಸ್‌ವರೆಗೆ ವೇಗ, ತಿಂಗಳಿಗೆ 2.5 ಜಿಬಿ. ಲೆಕ್ಕ ಹಾಕಿ ನೋಡಿ. ಆ ವೇಗ ಪೂರ್ತಿ ಸಿಕ್ಕರೆ ಮೂರು ಗಂಟೆಯೊಳಗೆ ತಿಂಗಳ ಪಾಲು ಖಾಲಿ! ಉಳಿದ ಇಪ್ಪತ್ತೊಂಬತ್ತು ಚಿಲ್ಲರೆ ದಿನ ಏನು ಮಾಡೋದು? ಮಿತಿ ದಾಟಿದರೆ ಎಂಬಿ ಲೆಕ್ಕದಲ್ಲಿ ದುಡ್ಡು. ಎಂಬಿಗೆ 80 ಪೈಸೆ ಅಂತಿಟ್ಟುಕೊಂಡರೂ ಒಂದೂವರೆ ಜಿಬಿ ಹೆಚ್ಚಾದರೆ 1,200 ರೂಪಾಯಿ. ಪ್ಲಾನಿಗಿಂತ ಎರಡು ಪಟ್ಟು ಜಾಸ್ತಿ.

ಸರಿಯಾಗಿ ಇದೇ ಹೊತ್ತಿಗೆ ಜಗತ್ತಿನಲ್ಲಿ ಸಿನಿಮಾ ದಪ್ಪ ಆಗತೊಡಗಿತ್ತು. 2006ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಗೇಮ್ ಯಂತ್ರದ ಮೂಲಕ ಅಮೆರಿಕದಲ್ಲಿ ಹೈ ಡೆಫಿನಿಷನ್ ಸಿನಿಮಾಗಳನ್ನು ಡೌನ್‌ಲೋಡ್‌ಗೆ ಕೊಟ್ಟಿತು. 2008ರ ಜನವರಿಯಲ್ಲಿ ಆಪಲ್ ಕೂಡ ಎಚ್‌ಡಿ ಸಿನಿಮಾ ಬಾಡಿಗೆಗೆ ಕೊಡುವುದಾಗಿ ಹೇಳಿತು. ಮುಂದಿನ ತಿಂಗಳೇ ತೋಷಿಬಾ ತನ್ನ ಎಚ್‌ಡಿ ಡಿವಿಡಿ ಡಿಸ್ಕನ್ನು ಕೈಬಿಟ್ಟಿತು, ಅದರ ಎದುರಾಳಿ ಡಿಸ್ಕ್ ಬ್ಲೂ-ರೇ ಗೆದ್ದಿತು. ‘ಗೆದ್ದು ಏನು ಬಂತು, ಇನ್ನು ಡಿಸ್ಕ್ ಯಾರಿಗೆ ಬೇಕು, ಎಲ್ಲ ಡೌನ್‌ಲೋಡೇ’ ಅಂತ ಆಗಲೇ ಮಾತು ಶುರುವಾಗಿತ್ತು.

ಇದು ಸಾಧ್ಯವಾದದ್ದು ಎಚ್.264 ಅನ್ನುವ ವಿಡಿಯೊ ಸಂಕೋಚನದ ವಿಧಾನದಿಂದ. 2003ರಲ್ಲಿ ಸಿದ್ಧವಾದ ಇದು, ಡಿವಿಡಿಯಲ್ಲಿ ಬಳಸುತ್ತಿದ್ದ ಎಂಪೆಗ್-2ಗೆ ಹೋಲಿಸಿದರೆ ಸುಮಾರು ಅರ್ಧ ಜಾಗದಲ್ಲಿ ಅದೇ ಗುಣಮಟ್ಟ ಕೊಡುತ್ತಿತ್ತು. ಎರಡು ಪದರದ ಬ್ಲೂ-ರೇ ಡಿಸ್ಕಿನಲ್ಲಿ 50 ಜಿಬಿ ಹಿಡಿಸುತ್ತದೆ. ಎಚ್.264ನಲ್ಲಿ 720ಪಿ (ಎಚ್‌ಡಿಯ ಆರಂಭದ ಮಟ್ಟ) ಸಿನಿಮಾ ನಾಲ್ಕು ಜಿಬಿ ಆಸುಪಾಸಿಗೆ ಇಳಿಯಿತು. ಅದಕ್ಕೂ ಮೊದಲು ಕಂಪ್ಯೂಟರಿನಲ್ಲಿ ಸಿನಿಮಾ ಅಂದರೆ 700 ಎಂಬಿ, ಅಂದರೆ ಒಂದು ಸಿಡಿಗೆ ಹಿಡಿಸುವಷ್ಟು. ಒಂದೇ ಏಟಿಗೆ ಐದಾರು ಪಟ್ಟು.

ಅಮೆರಿಕದ ಇಂಟರ್ನೆಟ್ ಸೇವೆಯ ಕಂಪನಿಗಳೂ ಮಿತಿ ಹಾಕಲು ಹೊರಟವು. ಕಾಮ್‌ಕಾಸ್ಟ್ 2008ರ ಅಕ್ಟೋಬರ್ 1ರಿಂದ ತಿಂಗಳಿಗೆ 250 ಜಿಬಿ ಅಂತ ನಿಗದಿ ಮಾಡಿತು. ಇದು ಎಷ್ಟು ದೊಡ್ಡದು ಅಂತ ತೋರಿಸಲು, 125 ಸಾಧಾರಣ ಗುಣಮಟ್ಟದ ಸಿನಿಮಾ ಇಳಿಸಬಹುದು ಅಂತ ಲೆಕ್ಕ ಕೊಟ್ಟಿತು. ಸಿನಿಮಾಕ್ಕೆ ಎರಡು ಜಿಬಿ ಅಂತ ಹಿಡಿದ ಲೆಕ್ಕ ಅದು. ಎಚ್‌ಡಿ ಆದರೆ ಅದು 62ಕ್ಕೆ ಇಳಿಯುತ್ತದೆ. ಟೈಮ್ ವಾರ್ನರ್ ಕೇಬಲ್ ಇನ್ನೂ ಬಿಗಿ. ಟೆಕ್ಸಸ್‌ನ ಬೋಮಾಂಟ್ ಊರಿನಲ್ಲಿ 5ರಿಂದ 40 ಜಿಬಿವರೆಗಿನ ಪ್ಲಾನ್‌ಗಳನ್ನು ಪರೀಕ್ಷೆಗೆ ಬಿಟ್ಟಿತು. 2009ರ ಏಪ್ರಿಲ್‌ನಲ್ಲಿ ಬೇರೆ ಊರುಗಳಿಗೂ ತರಲು ಹೋದಾಗ ಜನ ತಿರುಗಿಬಿದ್ದರು, ಕಂಪನಿ ಹಿಂದೆ ಸರಿಯಿತು.

ಅಲ್ಲಿ ಅನುಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಕಂಪನಿಗಳು ಕೇಬಲ್ ಟಿವಿಯನ್ನೂ ಮಾರುತ್ತಿದ್ದವು. ಜನ ಸಿನಿಮಾ ಡೌನ್‌ಲೋಡ್ ಮಾಡಿಕೊಂಡರೆ ಟಿವಿ ವ್ಯಾಪಾರಕ್ಕೇ ಹೊಡೆತ. ನಮ್ಮಲ್ಲಿ ಅಂಥ ಹಿತಾಸಕ್ತಿಯೇನೂ ದೊಡ್ಡದಿರಲಿಲ್ಲ. ಇಲ್ಲಿನ ಕಾರಣ ಕೊರತೆ. ಸಮುದ್ರದಡಿಯ ಕೇಬಲ್‌ಗಳಲ್ಲಿ ಬರುವ ಅಂತರರಾಷ್ಟ್ರೀಯ ಬ್ಯಾಂಡ್‌ವಿಡ್ತ್ ದುಬಾರಿ, ಸಣ್ಣ ಊರಿನ ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ ಹೊರಗೆ ಹೋಗುವ ದಾರಿ ಕಿರಿದು. ಎಕ್ಸ್‌ಚೇಂಜ್‌ನಿಂದಾಚೆಗಿನ ಸಾಮರ್ಥ್ಯವನ್ನು ಮನೆಗಳು ಹಂಚಿಕೊಳ್ಳಬೇಕು. ಒಂದು ಪಾಲಿಗೆ 50 ಗ್ರಾಹಕರವರೆಗೆ ಇರಬಹುದು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹೇಳಿತ್ತು.

ಆದರೆ ಕೊರತೆ ಇದ್ದದ್ದು ಸಂಜೆ ಹೊತ್ತು ಮಾತ್ರ. ಬೆಳಗಿನ ಜಾವ ಮೂರು ಗಂಟೆಗೆ ಆ ದಾರಿ ಖಾಲಿ. ಹಾಗಿರುವಾಗ ಇಡೀ ತಿಂಗಳಿಗೆ ಇಷ್ಟು ಜಿಬಿ ಅಂತ ಅಳೆಯುವುದರಲ್ಲಿ ಏನರ್ಥ? ಮಡಿಕೇರಿ ದಸರಾ ರಾತ್ರಿ ಮಂಟಪ ನೋಡಲು ಬಂದವರಿಂದ ರಸ್ತೆ ಜಾಮ್ ಆಗುತ್ತದೆ ಅಂತ, ವರ್ಷವಿಡೀ ಮನೆಗಿಷ್ಟು ಪೆಟ್ರೋಲ್ ಅಂತ ಅಳೆದು ಕೊಟ್ಟರೆ ಜಾಮ್ ತಪ್ಪುತ್ತದೆಯೇ?

ಈ ದೃಷ್ಟಿಯಿಂದ ನೋಡಿದರೆ, ಆ ಕಾಲದ ಅತ್ಯಂತ ಬುದ್ಧಿವಂತ ನಿಯಮ ಅಂದರೆ ‘ನೈಟ್ ಅನ್‌ಲಿಮಿಟೆಡ್’. 500 ರೂಪಾಯಿ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಬಳಸಿದ್ದು ಲೆಕ್ಕಕ್ಕಿಲ್ಲ. ಆರು ಗಂಟೆ, 2 ಎಂಬಿಪಿಎಸ್. ಪೂರ್ತಿ ವೇಗ ಸಿಕ್ಕರೆ 5.4 ಜಿಬಿ. ಅಂದರೆ ತಿಂಗಳ ಮಿತಿಯಲ್ಲಿ ಹಿಡಿಸದ ಸಿನಿಮಾ ಒಂದೇ ರಾತ್ರಿಯಲ್ಲಿ ಹಿಡಿಸುತ್ತಿತ್ತು.

ಇದಕ್ಕೊಂದು ಶಿಸ್ತೇ ಬೆಳೆಯಿತು. ಡೌನ್‌ಲೋಡ್ ಮ್ಯಾನೇಜರ್‌ನಲ್ಲಿ ಟೈಮ್ ಸೆಟ್ ಮಾಡಿ ಮಲಗುವುದು. ಸರಿಯಾಗಿ ಎರಡಕ್ಕೆ ಶುರು ಮಾಡಬೇಡಿ, ಗಡಿಯಾರ ವ್ಯತ್ಯಾಸ ಇರುತ್ತದೆ, ಎರಡೂ ಕಾಲಕ್ಕೆ ಇಡಿ ಅನ್ನುವುದು ಬಲ್ಲವರ ಸಲಹೆ. ಮೋಡೆಮ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಹಳೆಯ ಸೆಷನ್ ಮುಂದುವರಿದರೆ ಲೆಕ್ಕ ತಪ್ಪಬಹುದು ಅನ್ನುವುದು ಇನ್ನೊಂದು. ಬೆಳಿಗ್ಗೆ ಏಳೂ ಮುಕ್ಕಾಲಿಗೆಲ್ಲ ನಿಲ್ಲಿಸಬೇಕು. ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ಏಳುವ ಹುಡುಗರು ಸುಮ್ನೆ ಮೌಸ್ ಒತ್ತಲು ಎದ್ದು ಬರುತ್ತಿದ್ದರು. ಅಂದಹಾಗೆ, ಇಳಿಸುತ್ತಿದ್ದದ್ದೇನು ಅಂತ ಕೇಳಬೇಡಿ. ಆಪಲ್‌ನ ಐಟ್ಯೂನ್ಸ್ ಅಂಗಡಿ ಭಾರತದಲ್ಲಿ ತೆರೆದದ್ದೇ 2012ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು ದುಡ್ಡು ಕೊಟ್ಟು ಎಚ್‌ಡಿ ಸಿನಿಮಾ ಇಳಿಸಿಕೊಳ್ಳುವ ದಾರಿ ಇಲ್ಲಿ ಇರಲಿಲ್ಲ ಅಂದರೂ ನಡೆಯುತ್ತದೆ. ಬಳಸುವವರೇ ಒಬ್ಬರಿಂದೊಬ್ಬರು ಫೈಲ್ ಇಳಿಸಿಕೊಳ್ಳುವ ಟೊರೆಂಟ್ ಬೆಳೆದದ್ದರಲ್ಲಿ ಆಶ್ಚರ್ಯವೇನಿದೆ?

ಇದೆಲ್ಲ ಪೇಟೆ ಹತ್ತಿರದವರ ಕಥೆ. ಲ್ಯಾಂಡ್‌ಲೈನ್‌ನಲ್ಲಿ ಬರುವ ಈ ಬ್ರಾಡ್‌ಬ್ಯಾಂಡ್, ಅಂದರೆ ಎಡಿಎಸ್‌ಎಲ್, ತಾಮ್ರದ ವೈರಿನ ಮೇಲೆ ನಡೆಯುತ್ತದೆ. ಎಕ್ಸ್‌ಚೇಂಜ್‌ನಿಂದ ದೂರ ಹೋದಷ್ಟೂ ವೇಗ ಬೀಳುತ್ತದೆ, ನಾಲ್ಕೈದು ಕಿಲೋಮೀಟರ್ ದಾಟಿದರೆ ಸಿಗ್ನಲ್ಲೇ ನಿಲ್ಲುವುದಿಲ್ಲ. ಕೊಡಗಿನಲ್ಲಿ ಮನೆಗಳು ಕೇರಿಯಾಗಿ ಇಲ್ಲ. ತೋಟದ ಮಧ್ಯೆ ಒಂದು, ಗದ್ದೆ ಆಚೆ ಇನ್ನೊಂದು. ವೈರ್ ರಸ್ತೆ ಹಿಡಿದು ಸುತ್ತಿ ಬರಬೇಕು. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆಯಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದರೆ ವೈರ್ ತುಂಡು. ತುಂಡಾಗದಿದ್ದರೂ ಜಾಯಿಂಟ್‌ನಲ್ಲಿ ನೀರು ಸೇರಿ ಫೋನಿನಲ್ಲಿ ಗರಗರ ಸದ್ದು. ಆ ಸದ್ದು ಕೇಳಿಸಿತು ಅಂದರೆ ಮೋಡೆಮ್‌ನ ಡಿಎಸ್‌ಎಲ್ ದೀಪ ಮಿನುಗಲು ಶುರು, ಗಟ್ಟಿಯಾಗಿ ನಿಲ್ಲುವುದೇ ಇಲ್ಲ. ಜೊತೆಗೆ ಕರೆಂಟ್ ಇಲ್ಲ. ತಾಮ್ರದ ವೈರಿನ ಬದಲು ವೈರ್‌ಲೆಸ್ ಆದ ಡಬ್ಲ್ಯುಎಲ್‌ಎಲ್ ಫೋನ್ ಪಡೆದಿದ್ದವರಿಗಂತೂ ಬ್ರಾಡ್‌ಬ್ಯಾಂಡ್ ಪ್ರಶ್ನೆಯೇ ಇರಲಿಲ್ಲ. ಇಂಥ ಮನೆಗಳಿಗೆ ಕಂಪನಿ ಹಾಕಿದ ಮಿತಿ ಮುಟ್ಟುವ ಮೊದಲೇ ವೈರಿನ ಮಿತಿ ಅಡ್ಡ ಬರುತ್ತಿತ್ತು.

ಮುಂದೆ ಎಂಬಿ ಲೆಕ್ಕದ ಬಿಲ್ ಹೋಗಿ ಎಫ್‌ಯುಪಿ (ಫೇರ್ ಯೂಸೇಜ್ ಪಾಲಿಸಿ) ಬಂತು. ಮಿತಿ ಮುಗಿದರೆ ದುಡ್ಡು ಕೇಳುವುದಿಲ್ಲ, ವೇಗ ಇಳಿಸುತ್ತಾರೆ. ಜಾಹೀರಾತಿನಲ್ಲಿ ಮಾತ್ರ ದೊಡ್ಡಕ್ಷರದಲ್ಲಿ ‘ಅನ್‌ಲಿಮಿಟೆಡ್’. ಈ ಚಾಲಾಕಿತನಕ್ಕೆ ಟ್ರಾಯ್ 2012ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ಕಡಿವಾಣ ಹಾಕಲು ನೋಡಿತು. ಮಿತಿ ಎಷ್ಟು, ಆಮೇಲೆ ವೇಗ ಎಷ್ಟು ಅಂತ ಸ್ಪಷ್ಟವಾಗಿ ಹೇಳಬೇಕು, ವೈರಿನ ಬ್ರಾಡ್‌ಬ್ಯಾಂಡ್‌ನಲ್ಲಿ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು ಅಂತ 2016ರಲ್ಲಿ ಸೂಚಿಸಿತು. ಒಳ್ಳೆಯದೇ. ಆದರೆ 512ರಲ್ಲಿ ಎಚ್‌ಡಿ ಓಡುವುದಿಲ್ಲ.

ಮಿತಿ ನಿಜವಾಗಿ ಸಡಿಲವಾದದ್ದು ಪೈಪೋಟಿಯಿಂದ. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂತು, ತಿಂಗಳಿಗೆ ಒಂದು ಜಿಬಿ ಅಂತಿದ್ದದ್ದು ದಿನಕ್ಕೊಂದು ಜಿಬಿಯಾಯಿತು. ಅದೇ ವರ್ಷ ನೆಟ್‌ಫ್ಲಿಕ್ಸ್, ಅಮೆಜಾನ್ ಪ್ರೈಮ್ ಭಾರತಕ್ಕೆ ಬಂದವು. 2019ರಲ್ಲಿ ಶುರುವಾದ ಜಿಯೊ ಫೈಬರ್‌ನ ಆರಂಭದ ಪ್ಲಾನಿನಲ್ಲಿ 100 ಜಿಬಿ ಇತ್ತು. ಒಂದೇ ವರ್ಷದಲ್ಲಿ ಅದು 3,300 ಜಿಬಿಗೆ ಏರಿತು, ಬಿಎಸ್‌ಎನ್‌ಎಲ್ ಕೂಡ 449 ರೂಪಾಯಿಗೆ ಅಷ್ಟೇ ಕೊಟ್ಟಿತು. ನಾಲ್ಕು ಜಿಬಿಯ ಸಿನಿಮಾ ಅಂತ ಹಿಡಿದರೆ 825. ಒಂದು ವರ್ಷದಲ್ಲಿ ಬ್ಯಾಂಡ್‌ವಿಡ್ತ್ ಮೂವತ್ತು ಪಟ್ಟು ಅಗ್ಗ ಆಯಿತೇ? ಇಲ್ಲ. ಮಿತಿಯ ಸಂಖ್ಯೆಯಲ್ಲಿ ವ್ಯಾಪಾರದ ಲೆಕ್ಕ ಎಷ್ಟು, ತಂತ್ರಜ್ಞಾನದ ಲೆಕ್ಕ ಎಷ್ಟು ಅಂತ ಇದರಿಂದಲೇ ಊಹಿಸಬಹುದು.

ಪೈಪೋಟಿ ಬಾರದ ಕಡೆ ಹಳೆಯ ಲೆಕ್ಕವೇ ಉಳಿಯಿತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿದೆ, ಅದೇ ಈಗಿನ ಭಾರತ್‌ನೆಟ್. ಆದರೆ ಪಂಚಾಯಿತಿ ಕಚೇರಿಯಿಂದ ತೋಟದ ಮನೆಗೆ ಇನ್ನೂ ದೂರ ಇದೆ. ಒಂದು ಮನೆಗಾಗಿ ಎರಡು ಕಿಲೋಮೀಟರ್ ಕೇಬಲ್ ಎಳೆದರೆ ಯಾರಿಗೆ ಗಿಟ್ಟುತ್ತದೆ? ಇನ್ನು ಕೇಬಲ್ ಸಾಗುವುದು ರಸ್ತೆ ಪಕ್ಕದಲ್ಲೇ. 2018ರ ಆಗಸ್ಟ್‌ನಲ್ಲಿ ಆದಂತೆ ಗುಡ್ಡ ಜಾರಿ ರಸ್ತೆ ಹೋದರೆ ಕೇಬಲ್ಲೂ ಹೋಗುತ್ತದೆ.

2020ರಲ್ಲಿ ಈ ಅಂತರ ಎಲ್ಲರಿಗೂ ಕಾಣಿಸಿತು. ಲಾಕ್‌ಡೌನ್ ಶುರುವಿನಲ್ಲಿ ನೆಟ್‌ವರ್ಕ್ ಮೇಲಿನ ಭಾರ ತಗ್ಗಿಸಲು ವಿಡಿಯೊ ಕಂಪನಿಗಳು ಮೊಬೈಲ್‌ನಲ್ಲಿ ಎಚ್‌ಡಿ ನಿಲ್ಲಿಸಿ 480ಪಿಗೆ ಇಳಿದವು. ಇತ್ತ ಕೊಡಗಿನ ಮೇಷ್ಟ್ರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಆನ್‌ಲೈನ್ ಪಾಠ ಮಾಡಿದ್ದು ಸುದ್ದಿಯಾಯಿತು.

ತಮಾಷೆ ಅಂದರೆ, ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಅಭ್ಯಾಸ ಈಗ ಆ್ಯಪ್‌ಗಳ ಒಳಗೇ ಬಂದಿದೆ. 2014ರ ಕೊನೆಗೆ ಯೂಟ್ಯೂಬ್, 2016ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಇದಕ್ಕೆ ಅವಕಾಶ ಕೊಟ್ಟವು. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ ಬೇಕು ಅಂತ ನೆಟ್‌ಫ್ಲಿಕ್ಸೇ ಹೇಳುತ್ತದೆ. ಅಂದರೆ ಒಂದೂವರೆ ಜಿಬಿ ಪ್ಯಾಕ್‌ಗೆ ಅರ್ಧ ಗಂಟೆ. ಹಾಗಾಗಿ ಕೆಲಸಕ್ಕೆ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋದವರು ಅಲ್ಲಿನ ವೈಫೈನಲ್ಲಿ ಎರಡು ಸಿನಿಮಾ ತುಂಬಿಸಿಕೊಂಡು ಬರುತ್ತಾರೆ.

ಈಗ ತೋಟದ ಮನೆಗಳ ಕಣ್ಣು ಇರುವುದು 5ಜಿ ಮೂಲಕ ಬರುವ ಏರ್‌ಫೈಬರ್ ಮತ್ತು ಉಪಗ್ರಹ ಇಂಟರ್ನೆಟ್ ಮೇಲೆ. ಎರಡೂ ಗಾಳಿಯಲ್ಲಿ ಬರುವಂಥವು, ಒಂದೇ ಸಾಮರ್ಥ್ಯವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಜಿಯೊ ಏರ್‌ಫೈಬರ್‌ಗೆ ಶುರುವಿನಲ್ಲೇ ತಿಂಗಳಿಗೆ 1,000 ಜಿಬಿ ಮಿತಿ ಇಟ್ಟಿದ್ದು ಸುಮ್ನೆ ಅಲ್ಲ. ಉಪಗ್ರಹ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಲೈಸೆನ್ಸ್ ಸಿಕ್ಕಿದೆ. ಯಾವುದನ್ನೇ ಹಾಕಿಸಿಕೊಳ್ಳಿ, ಮಾರಲು ಬಂದವರು ವೇಗದ ಬಗ್ಗೆ ಹೇಳಿ ಮುಗಿಸಿದ ಮೇಲೆ ಎರಡು ಪ್ರಶ್ನೆ ಕೇಳಿ: ಎಷ್ಟು ಜಿಬಿ ಆದ ಮೇಲೆ ವೇಗ ಇಳಿಯುತ್ತದೆ, ಇಳಿದ ಮೇಲೆ ಎಷ್ಟಿರುತ್ತದೆ? 2 ಎಂಬಿಪಿಎಸ್ ಅಂದರೆ ಸಾಧಾರಣ ಗುಣಮಟ್ಟದ ವಿಡಿಯೊ ಆದರೂ ಓಡುತ್ತದೆ. 64 ಕೆಬಿಪಿಎಸ್ ಅಂದರೆ ವಾಟ್ಸಾಪ್ ಮೆಸೇಜ್ ಅಷ್ಟೇ.