ಕೂರುವ ಜಾಗ ಮೊದಲು, ಗಿಡ ಆಮೇಲೆ

ಕೈತೋಟ ಮಾಡಿಸಬೇಕು ಎಂದು ಕರೆದವರ ಮನೆಗೆ ಹೋದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ‘ದಿನದಲ್ಲಿ ಯಾವ ಹೊತ್ತಿಗೆ ನೀವು ಇಲ್ಲಿ ಬಂದು ಕೂರುತ್ತೀರಿ?’ ಹೆಚ್ಚಿನವರು ಅದನ್ನು ಯೋಚಿಸಿರುವುದಿಲ್ಲ. ಮೊಬೈಲ್‌ನಲ್ಲಿ ಹುಲ್ಲುಹಾಸಿನ ಫೋಟೊ, ಕಾರಂಜಿಯ ಫೋಟೊ ತೋರಿಸುತ್ತಾರೆ. ಆದರೆ ಬೆಳಗಿನ ಕಾಫಿ ಹಿಡಿದು ಕೂರುವವರ ತೋಟ ಬೇರೆ, ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಕೂರುವವರ ತೋಟ ಬೇರೆ. ಅದು ಗೊತ್ತಾಗದೆ ಒಂದು ಗಿಡವನ್ನೂ ತರಬೇಡಿ ಎನ್ನುತ್ತೇನೆ.

ತೋಟ ನಮ್ಮಿಂದ ಎಷ್ಟು ಕೆಲಸ ಕೇಳುತ್ತದೆ ಎನ್ನುವುದು ಗಿಡ ನೆಡುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಏನೇನು ಬೇಡ ಎಂದು ಗಟ್ಟಿ ಮನಸ್ಸು ಮಾಡಿದವರ ತೋಟ ಸುಲಭ. ಎಲ್ಲವೂ ಬೇಕು ಎಂದವರು ಆಮೇಲೆ ಭಾನುವಾರಗಳನ್ನೆಲ್ಲ ಅದಕ್ಕೇ ಕೊಡಬೇಕಾಗುತ್ತದೆ.

ಮೈಸೂರಿನಲ್ಲಿ ಸಂಜೆ ಕೂರುವವರಿಗೆ ಮನೆಯ ಪೂರ್ವದ ಕಡೆ ಒಳ್ಳೆಯದು. ಮಧ್ಯಾಹ್ನ ಮೂರರ ಮೇಲೆ ಮನೆಯ ನೆರಳೇ ಅಲ್ಲಿ ಬೀಳುತ್ತದೆ. ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುವ ದಿನ ಪಶ್ಚಿಮದ ಗೋಡೆ ಪಕ್ಕ ಹತ್ತು ನಿಮಿಷ ಕೂತು ನೋಡಿ, ವ್ಯತ್ಯಾಸ ತಾನೇ ತಿಳಿಯುತ್ತದೆ. ಇನ್ನೊಂದು ಲಾಭವೂ ಇದೆ. ನಮ್ಮ ಆಷಾಢದ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಪೂರ್ವದ ಕಡೆ ಕೂತವರಿಗೆ ಮನೆಯೇ ಅದನ್ನು ತಡೆಯುತ್ತದೆ. ನುಗ್ಗೆ, ಪರಂಗಿಯಂಥ ಮೆತ್ತನೆಯ ಮರಗಳನ್ನು ಆ ಗಾಳಿಗೆ ಎದುರಾಗಿ ನೆಟ್ಟರೆ ಜೂನ್, ಜುಲೈನಲ್ಲಿ ಮುರಿದ ಕೊಂಬೆ ಎತ್ತುವುದೇ ಕೆಲಸ.

ಕೂರಲು ಎರಡು ಕಲ್ಲಿನ ಮೇಲೆ ಒಂದು ಚಪ್ಪಡಿ ಸಾಕು. ಮರದ ಬೆಂಚಿಗೆ ಮಳೆ, ಗೆದ್ದಲು ಎರಡೂ ಕಾಟ. ಆದರೆ ದಿನವಿಡೀ ಬಿಸಿಲು ಕುಡಿದ ಕಲ್ಲು ರಾತ್ರಿಯಾದರೂ ಬೆಚ್ಚಗೇ ಇರುತ್ತದೆ, ಹಾಗಾಗಿ ನೆರಳಿನಲ್ಲೇ ಹಾಕಿ. ಬೆನ್ನ ಹಿಂದೆ ಗೋಡೆಯೋ ಎದೆಮಟ್ಟದ ಗಿಡಗಳ ಸಾಲೋ ಇರಲಿ. ಬೆನ್ನಿಗೆ ಆಸರೆ ಇದ್ದು, ಎದುರಿಗೆ ತೆರೆದ ಜಾಗ ಇದ್ದರೆ ಕೂತವರಿಗೆ ಬೇಗ ಏಳಬೇಕು ಅನ್ನಿಸುವುದಿಲ್ಲ. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವ ಜಾಗದಲ್ಲಿ ಎಷ್ಟು ಚೆಂದದ ಬೆಂಚು ಹಾಕಿದರೂ ಅದು ಖಾಲಿಯೇ ಉಳಿಯುತ್ತದೆ.

ಈಗ ಹುಲ್ಲುಹಾಸಿನ ಮಾತು. ಕುವೆಂಪುನಗರದ ಒಂದು ಮನೆಯಲ್ಲಿ ನಿವೃತ್ತ ದಂಪತಿ ಇದ್ದಾರೆ. ಮುಂದೆ ಅಗಲವಾದ ಲಾನ್ ಮಾಡಿಸಿದ್ದರು. ನನ್ನನ್ನು ಕರೆಸಿದ ದಿನ ಆ ತಾಯಿ ಹೇಳಿದ್ದು ಇಷ್ಟೇ: ‘ನೋಡಿ ಸಾರ್, ಸಂಜೆ ಆಯ್ತು ಅಂದ್ರೆ ಇವರು ಪೈಪ್ ಹಿಡ್ಕೊಂಡು ನಿಂತ್ಬಿಡ್ತಾರೆ. ಇಬ್ಬರೂ ಜೊತೆಗೆ ಕೂತು ಒಂದು ಲೋಟ ಕಾಫಿ ಕುಡಿದಿಲ್ಲ ಇಲ್ಲಿ.’ ಈ ಮಾತು ನನಗೆ ತುಂಬ ನೋವು ಕೊಟ್ಟಿತು. ವಿಶ್ರಾಂತಿಗೆ ಎಂದು ಮಾಡಿದ ಜಾಗ ಅವರ ಸಂಜೆಯನ್ನೇ ತೆಗೆದುಕೊಂಡಿತ್ತು.

ಲೆಕ್ಕ ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ ಚದರ ಮೀಟರಿಗೆ ನಾಲ್ಕೈದು ಲೀಟರ್ ಬೇಕು. ಸಾವಿರ ಚದರಡಿ ಲಾನ್ ಎಂದರೆ ಸುಮಾರು 93 ಚದರ ಮೀಟರ್. ಅಂದರೆ ದಿನಕ್ಕೆ 400 ಲೀಟರ್ ಆಸುಪಾಸು. ಇದರ ಮೇಲೆ ಮಳೆಗಾಲದಲ್ಲಿ ಹೆಚ್ಚುಕಡಿಮೆ ವಾರಕ್ಕೊಮ್ಮೆ ಕತ್ತರಿಸಬೇಕು, ನಡುವೆ ಏಳುವ ಜೇಕನ್ನು ಗಡ್ಡೆ ಸಮೇತ ಕೀಳಬೇಕು. ಮರದ ನೆರಳು ಬಿದ್ದ ಕಡೆ ಎಷ್ಟು ಮಾಡಿದರೂ ಹುಲ್ಲು ಬೋಳಾಗುತ್ತದೆ. ಮಕ್ಕಳು ಆಡುವ ಮನೆಯಾದರೆ ಪೂರ್ತಿ ಬಿಸಿಲು ಬೀಳುವ ಕಡೆ ಹತ್ತಡಿಗೆ ಹತ್ತಡಿ ಇಟ್ಟುಕೊಳ್ಳಿ, ಸಾಕು.

ಲಾನ್ ಬೇಡ ಎಂದ ಕೂಡಲೇ ಕೆಲವರು ಇಡೀ ಅಂಗಳಕ್ಕೆ ಬಿಳಿ ಕಲ್ಲು ಸುರಿಸುತ್ತಾರೆ. ಅದು ಇನ್ನೂ ಕಷ್ಟ. ಬಿಸಿಲಿಗೆ ಕಾದು ಸೆಕೆ ಹೆಚ್ಚಿಸುತ್ತದೆ. ಕಲ್ಲಿನ ಸಂದಿಯಲ್ಲಿ ಸಿಕ್ಕಿದ ಒಣ ಎಲೆ ಆರಿಸುವುದು ದೊಡ್ಡ ಗೋಳು. ವೆಡೇಲಿಯಾ ಎಂಬ ಹಳದಿ ಹೂವಿನ ಬಳ್ಳಿಯನ್ನೂ ಹಾಕಬೇಡಿ. ಬೇಗ ಹಬ್ಬುತ್ತದೆ ಎಂದು ಮಾರುತ್ತಾರೆ, ಆದರೆ ಹಬ್ಬುವುದನ್ನು ನಿಲ್ಲಿಸುವುದೇ ಇಲ್ಲ. ನಾನು ನಡೆಯುವ ದಾರಿಗೆ ಮಾತ್ರ ಚಪ್ಪಡಿ ಕಲ್ಲು ಹಾಕಿಸುತ್ತೇನೆ, ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿಸುವುದಿಲ್ಲ. ನಲ್ಲಿ ಪಕ್ಕದ ತಂಪಿಗೆ ಒಂದೆಲಗ, ಬಿಸಿಲಿಗೆ ಟೇಬಲ್ ರೋಸ್ ಮತ್ತು ರೈನ್ ಲಿಲಿ. ಉಳಿದ ನೆಲಕ್ಕೆಲ್ಲ ತರಗಿನ ಹೊದಿಕೆ.

ಈ ಹೊದಿಕೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಅರ್ಧ ಕೆಲಸ ಉಳಿಸುವುದು ಇದೇ. ಮಂಡ್ಯದ ಕಡೆ ಕಬ್ಬಿನ ತರಗು ಬೇಕಾದಷ್ಟು ಸಿಗುತ್ತದೆ. ಎಷ್ಟೋ ಗದ್ದೆಗಳಲ್ಲಿ ಅದನ್ನು ಸುಮ್ನೆ ಸುಟ್ಟುಬಿಡುತ್ತಾರೆ. ಮೈಸೂರಿನವರಿಗೆ ಬೀದಿಯ ಮರಗಳ ಒಣ ಎಲೆ ಇದೆ, ತೆಂಗಿನ ನಾರು ಇದೆ. ಎರಡು ಮೂರು ಇಂಚು ದಪ್ಪ ಹರಡಿ. ಮಣ್ಣಿನ ತೇವ ಆರುವುದಿಲ್ಲ, ಬಿಸಿಲು ತಾಗದೆ ಕಳೆ ಬೀಜ ಮೊಳೆಯುವುದು ಕಡಿಮೆಯಾಗುತ್ತದೆ, ಕೊಳೆತ ಮೇಲೆ ಅದೇ ಗೊಬ್ಬರ. ಕಾಂಡಕ್ಕೆ ಒತ್ತಿಕೊಂಡು ಹಾಕಬೇಡಿ, ಬುಡ ಕೊಳೆಯುತ್ತದೆ. ನಾಲ್ಕು ಬೆರಳಷ್ಟು ಜಾಗ ಬಿಡಿ. ಮನೆಯ ಗೋಡೆಯಿಂದಲೂ ಒಂದಡಿ ದೂರ ಇರಲಿ, ಗೆದ್ದಲಿನ ಭಯ ಇರುತ್ತದೆ. ಹೊದಿಕೆಗೆ ಜಗ್ಗದ್ದು ಜೇಕು ಒಂದೇ. ಅದನ್ನು ಮೊದಲೇ ಅಗೆದು ಗಡ್ಡೆ ಆರಿಸಿ ತೆಗೆದುಬಿಡಬೇಕು.

ಹೊಸ ಬಡಾವಣೆಗಳಲ್ಲಿ ನೆಲದ ಕಥೆ ಬೇರೆ. ಮೇಲೆ ಕೆಂಪು ಮಣ್ಣು ಕಂಡರೂ ಅರ್ಧ ಅಡಿ ಕೆಳಗೆ ಇಟ್ಟಿಗೆ ಚೂರು, ಗಾರೆ, ಸಿಮೆಂಟ್ ಗಟ್ಟಿ. ಇಡೀ ಸೈಟು ಅಗೆಸುವ ಅಗತ್ಯ ಇಲ್ಲ. ಗಿಡ ನೆಡುವ ಪಟ್ಟಿಯಲ್ಲಿ ಮಾತ್ರ ಒಂದೂವರೆ ಅಡಿ ತೆಗೆದು, ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ತುಂಬಿ. ಮಂಡ್ಯದ ನಾಲೆ ಬಯಲಿನ ಜಿಗುಟು ಮಣ್ಣಾದರೆ ಒಂದಡಿ ಗುಂಡಿ ತೋಡಿ ನೀರು ತುಂಬಿ ನೋಡಿ. ಮಾರನೆಯ ದಿನವೂ ನೀರು ನಿಂತಿದ್ದರೆ ಮಣ್ಣನ್ನು ಏರಿಸಿ ಪಾತಿ ಮಾಡಬೇಕು. ಇಲ್ಲದಿದ್ದರೆ ಬೇರು ಕೊಳೆಯುತ್ತದೆ.

ಗಿಡಗಳಿಗೆ ಬರೋಣ. ಮೂವತ್ತು ನಲವತ್ತರ ಸೈಟಿಗೆ ಒಂದೇ ಮರ, ಅದೂ ಸಣ್ಣದು. ನನ್ನ ಮೊದಲ ಆಯ್ಕೆ ದೇವಕಣಗಿಲೆ. ಚಳಿಗಾಲದಲ್ಲಿ ಎಲೆ ಉದುರಿಸಿ ಎಳೆಬಿಸಿಲನ್ನು ಒಳಗೆ ಬಿಡುತ್ತದೆ, ಬೇಸಿಗೆಗೆ ಮತ್ತೆ ಎಲೆ ತುಂಬಿಕೊಂಡು ನೆರಳು ಕೊಡುತ್ತದೆ. ಕಾಂಡದಲ್ಲೇ ನೀರು ಹಿಡಿದಿಟ್ಟುಕೊಳ್ಳುವುದರಿಂದ ಬೇರೂರಿದ ಮೇಲೆ ಅದರ ಚಿಂತೆಯೇ ಇಲ್ಲ. ಜಾಗ ದೊಡ್ಡದಿದ್ದರೆ ಹೊಂಗೆ. ಬೇಸಿಗೆ ಶುರುವಿನಲ್ಲಿ ಎಲೆ ಉದುರಿದರೂ ಬಿಸಿಲು ಏರುವ ಹೊತ್ತಿಗೆ ಚಿಗುರಿರುತ್ತದೆ.

ಒಂದು ಕಾಲದಲ್ಲಿ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನ್ ತೋಟಗಾರ ಕೃಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಯೋಚಿಸಿ ಮರಗಳನ್ನು ಆರಿಸಿದರು. ಆ ಬುದ್ಧಿಯನ್ನು ಸಣ್ಣ ಅಂಗಳಕ್ಕೂ ತರಬಹುದು. ಬೇಸಿಗೆಗೆ ದೇವಕಣಗಿಲೆ, ಮಲ್ಲಿಗೆ. ಮೊದಲ ಮಳೆ ಬಿದ್ದ ಕೆಲವೇ ದಿನಕ್ಕೆ ರೈನ್ ಲಿಲಿ. ಶ್ರಾವಣದಿಂದ ದೀಪಾವಳಿ ತನಕ ಪಾರಿಜಾತ. ನಂದಿಬಟ್ಟಲು ಮತ್ತು ದೇಸಿ ಕೆಂಪು ದಾಸವಾಳ ವರ್ಷಪೂರ್ತಿ. ರಾತ್ರಿ ಕೂರುವವರಿಗೆ ಬಿಳಿ ಹೂವೇ ಸರಿ, ಮಬ್ಬು ಬೆಳಕಿನಲ್ಲೂ ಕಾಣುತ್ತದೆ. ಮೈಸೂರು ಮಲ್ಲಿಗೆಗೆ ಬಿಸಿಲು ಬೇಕು, ವರ್ಷಕ್ಕೊಮ್ಮೆ ಸವರಬೇಕು. ಅಷ್ಟು ಕೆಲಸವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಈ ಊರಿನಲ್ಲಿದ್ದು ಅದರ ಪರಿಮಳ ಇಲ್ಲದ ತೋಟ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ನರ್ಸರಿಯಲ್ಲಿ ಕಂಡದ್ದನ್ನೆಲ್ಲ ಒಂದೊಂದು ತಂದರೆ ಮನೆ ಮುಂದೆ ಅಂಗಡಿ ಜೋಡಿಸಿಟ್ಟ ಹಾಗೆ ಕಾಣುತ್ತದೆ. ಐದಾರು ಜಾತಿ ಆರಿಸಿ, ಒಂದೊಂದರಲ್ಲೂ ಮೂರು ನಾಲ್ಕು ಗಿಡ ಗುಂಪಾಗಿ ನೆಡಿ. ಕಣ್ಣಿಗೆ ನೆಮ್ಮದಿ ಸಿಗುವುದು ಹಾಗೆಯೇ. ನೀರಿನ ಅಗತ್ಯ ಒಂದೇ ರೀತಿ ಇರುವವು ಒಂದೇ ಪಾತಿಯಲ್ಲಿರಲಿ. ಲೋಳೆಸರದ ಪಕ್ಕ ಫರ್ನ್ ನೆಟ್ಟರೆ ಎರಡರಲ್ಲಿ ಒಂದು ಸಾಯುತ್ತದೆ.

ಕೆಲವು ಎಚ್ಚರಿಕೆ. ಕಣಗಿಲೆ (ಮೇಲೆ ಹೇಳಿದ ದೇವಕಣಗಿಲೆಯಲ್ಲ, ಇದು ಬೇರೆ ಗಿಡ) ಬಿಸಿಲಿಗೂ ಬರಕ್ಕೂ ಗಟ್ಟಿ, ಆದರೆ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಪುಟ್ಟ ಮಕ್ಕಳಿರುವ ಮನೆಗೆ, ದನ ಬಾಯಿ ಹಾಕುವ ಬೇಲಿಗೆ ಖಂಡಿತ ಬೇಡ. ಬೋಗನ್‌ವಿಲ್ಲಾ ನೀರು ಕಡಿಮೆಯಾದಷ್ಟೂ ಚೆನ್ನಾಗಿ ಹೂ ಬಿಡುತ್ತದೆ, ಮುಳ್ಳಿರುವುದರಿಂದ ಬೆಂಚು, ಗೇಟಿನ ಹತ್ತಿರ ಬೇಡ. ‘ಸೊಳ್ಳೆ ಓಡಿಸುವ ಗಿಡ’ ಎಂದು ಮಾರುವುದನ್ನು ನಂಬಿ ದುಡ್ಡು ಹಾಕಬೇಡಿ. ಮಜ್ಜಿಗೆ ಹುಲ್ಲಿನ ಎಲೆ ಹೊಸಕಿದಾಗ ವಾಸನೆ ಬರುತ್ತದೆ, ಸುಮ್ನೆ ನಿಂತ ಗಿಡದಿಂದ ಸೊಳ್ಳೆ ಓಡುವುದಿಲ್ಲ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಅದಕ್ಕಿಂತ ಹೆಚ್ಚು ಉಪಯೋಗ. ನಂದಿಬಟ್ಟಲಿನ ಮೇಲೆ ದಪ್ಪ ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ಹಸಿರು ರೆಕ್ಕೆಯ ಸುಂದರ ಪತಂಗವಾಗುತ್ತದೆ, ಗಿಡ ಮತ್ತೆ ಚಿಗುರುತ್ತದೆ.

ಕುಂಡಗಳನ್ನು ಆದಷ್ಟು ಕಡಿಮೆ ಮಾಡಿ. ಬೇಸಿಗೆಯಲ್ಲಿ ಕುಂಡದ ಗಿಡ ದಿನಾ ನೀರು ಕೇಳುತ್ತದೆ. ಅದೇ ಗಿಡ ನೆಲದಲ್ಲಿ ಬೇರು ಬಿಟ್ಟರೆ ವಾರಕ್ಕೊಮ್ಮೆ ಸಾಕು. ನೀರನ್ನು ದಿನಾ ಚಿಮುಕಿಸುವ ಬದಲು ಅಪರೂಪಕ್ಕೆ, ಆಳಕ್ಕೆ ಇಳಿಯುವಷ್ಟು ಕೊಡಿ. ಆಗಲೇ ಬೇರು ಕೆಳಗಿಳಿಯುವುದು. ಊರಿಗೆ ಹೋಗಿಬರುವವರಾದರೆ ಗಂಟೆಗೆ ನಾಲ್ಕು ಲೀಟರ್ ಬಿಡುವ ಡ್ರಿಪ್ಪು, ಒಂದು ಟೈಮರ್ ಹಾಕಿಸಿ.

ಮೈಸೂರು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿದೆ. ಮಳೆ ಹೆಚ್ಚು ಬೀಳುವುದು ಮೇನಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮೇ ಕೊನೆಗೆ ನೆಲ ನೆನೆದ ಮೇಲೆ ನೆಟ್ಟರೆ ಗಿಡಕ್ಕೆ ಎರಡನೆಯ ಮಳೆಯೂ ಸಿಗುತ್ತದೆ, ಬೇಸಿಗೆ ಬರುವ ಹೊತ್ತಿಗೆ ಬೇರೂರಿರುತ್ತದೆ. ನೂರು ಚದರ ಮೀಟರ್ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್. ತಾರಸಿಯ ನೀರು ಇಳಿಯುವ ಪೈಪನ್ನು ಚರಂಡಿಯ ಬದಲು ಪಾತಿಯ ಕಡೆಗೆ, ಗೋಡೆಯ ಅಡಿಪಾಯದಿಂದ ದೂರ ತಿರುಗಿಸಿ.

ಖರ್ಚು ಮಾಡುವುದಾದರೆ ಮಣ್ಣಿಗೆ ಮತ್ತು ಕೂರುವ ಜಾಗಕ್ಕೆ ಮಾಡಿ. ಗಿಡಗಳನ್ನು ಸಣ್ಣದಾಗಿಯೇ ತನ್ನಿ, ಅವು ಹೊಸ ನೆಲಕ್ಕೆ ಬೇಗ ಒಗ್ಗುತ್ತವೆ. ಮೊದಲ ವರ್ಷ ಕೆಲಸ ಇದ್ದೇ ಇದೆ. ಕಳೆ ಕೀಳಬೇಕು, ಹೊದಿಕೆ ತೆಳುವಾದ ಕಡೆ ಮತ್ತೆ ಹಾಕಬೇಕು, ಸತ್ತ ಗಿಡದ ಜಾಗಕ್ಕೆ ಬೇರೊಂದು ತರಬೇಕು. ಎರಡನೆಯ ವರ್ಷದಿಂದ ಗಿಡಗಳು ಒಂದಕ್ಕೊಂದು ತಾಗಿ ನೆಲ ಮುಚ್ಚುತ್ತವೆ. ಆಮೇಲೆ ವಾರಕ್ಕೊಮ್ಮೆ ಅರ್ಧ ಗಂಟೆ, ಮಳೆ ಮುಗಿದ ಮೇಲೆ ಒಮ್ಮೆ ಸವರುವುದು, ಬೇಸಿಗೆ ಮುಂಚೆ ಒಂದು ಸಲ ಗೊಬ್ಬರ ಮತ್ತು ಹೊಸ ತರಗು ಹಾಕುವುದು, ಇಷ್ಟು ಮಾಡಿದರೆ ನಡೆಯುತ್ತದೆ.