ಒಂದು ಲ್ಯಾಬ್ ಪ್ರೋಗ್ರಾಮಿನೊಳಗೆ ನಾಲ್ಕು ವರ್ಷದ ಓದು

ಸಿಇಟಿ ಆಪ್ಷನ್ ಎಂಟ್ರಿ ಶುರುವಾದರೆ ಸಾಕು, ನೆಂಟರಿಷ್ಟರ ಫೋನುಗಳಲ್ಲಿ ಒಂದೇ ಪ್ರಶ್ನೆ. ‘ಮಗಳಿಗೆ ಸಿಎಸ್ ಹಾಕೋದಾ, ಐಎಸ್ ಹಾಕೋದಾ, ಇಲ್ಲಾ ಎಐ-ಎಂಎಲ್ ಹಾಕೋದಾ?’ ಎಂಜಿನಿಯರಿಂಗಿನ ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಐ-ಮೆಷಿನ್ ಲರ್ನಿಂಗ್ ಬ್ರಾಂಚುಗಳ ಮಾತು ಇದು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹೊಸದಾಗಿ ಡಿಗ್ರಿ ಮುಗಿಸಿ ಬರುವವರ ಇಂಟರ್‌ವ್ಯೂ ಮಾಡುವುದು ನನ್ನ ಕೆಲಸದ ಒಂದು ಭಾಗ. ಮೇಜಿನ ಈಚೆ ಕೂತು ನೋಡಿದವಳಾಗಿ ಹೇಳುತ್ತೇನೆ, ಬ್ರಾಂಚಿನ ಹೆಸರಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ ಸಿಲಬಸ್ ತೆಗೆದು ನೋಡಿ. ಮೂರನೇ, ನಾಲ್ಕನೇ ಸೆಮಿಸ್ಟರಿನಲ್ಲಿ ಈ ಮೂರೂ ಬ್ರಾಂಚಿನವರು ಓದುವ ಮುಖ್ಯ ವಿಷಯಗಳು ಬಹುಪಾಲು ಒಂದೇ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಆಲ್ಗರಿದಮ್ಸ್, ಡೇಟಾಬೇಸ್ ಕಲಿಸುವ ಡಿಬಿಎಂಎಸ್. ಬಿಸಿಎ, ಬಿಎಸ್ಸಿ ಮಾಡುವವರಿಗೂ ತಿರುಳು ಇದೇ.

ವ್ಯತ್ಯಾಸ ಆಗುವುದು ಇವನ್ನು ಓದುವ ರೀತಿಯಲ್ಲಿ. ನಮ್ಮ ಪರೀಕ್ಷೆಯಲ್ಲಿ ಒಂದು ಪೇಪರ್ ಅಂದರೆ ಐದು ಮಾಡ್ಯೂಲ್. ಒಂದೊಂದು ಮಾಡ್ಯೂಲಿನಿಂದ ಒಂದು ಪೂರ್ತಿ ಪ್ರಶ್ನೆ, ಒಟ್ಟು ಮೂರು ಗಂಟೆ. ಹಳೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಓದಿದರೆ ಪಾಸಾಗಬಹುದು, ಒಳ್ಳೇ ಮಾರ್ಕ್ಸೂ ಬರಬಹುದು. ಆದರೆ ಹೀಗೆ ಓದಿದವರಿಗೆ ಸೆಮಿಸ್ಟರ್ ಮುಗಿದ ದಿನವೇ ಆ ವಿಷಯವೂ ಮುಗಿದುಹೋಗುತ್ತದೆ. ಡೇಟಾ ಸ್ಟ್ರಕ್ಚರ್ಸಿಗೂ ಆಪರೇಟಿಂಗ್ ಸಿಸ್ಟಮಿಗೂ ಏನು ಸಂಬಂಧ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಇವೆಲ್ಲ ಬೇರೆ ಬೇರೆ ವಿಷಯಗಳಲ್ಲ. ಕಂಪ್ಯೂಟರ್ ಎಂಬ ಒಂದೇ ಯಂತ್ರವನ್ನು ಬೇರೆ ಬೇರೆ ಕಡೆಯಿಂದ ನೋಡುವುದು, ಅಷ್ಟೇ. ಒಂದು ಸಣ್ಣ ಪ್ರೋಗ್ರಾಮನ್ನು ಬಿಚ್ಚಿ ನೋಡಿದರೆ ಇದು ಗೊತ್ತಾಗುತ್ತದೆ.

ಎಲ್ಲರೂ ಮೊದಲ ವರ್ಷದಲ್ಲೇ ಬರೆಯುವ ಫಿಬೊನಾಚಿ ಪ್ರೋಗ್ರಾಮನ್ನೇ ತಗೊಳ್ಳೋಣ. 1, 1, 2, 3, 5, 8, 13. ಹಿಂದಿನ ಎರಡು ಸಂಖ್ಯೆ ಕೂಡಿಸಿದರೆ ಮುಂದಿನದು. ಯಾಕೆ ಕೂಡಿಸಬೇಕು, ಇದು ಏನನ್ನು ಎಣಿಸುತ್ತದೆ ಅಂತ ಕೇಳಿದರೆ ಹೆಚ್ಚಿನವರು ತಿಂಗಳು ತಿಂಗಳು ಮರಿ ಹಾಕುವ ಮೊಲದ ಜೋಡಿಗಳ ಕಥೆ ಹೇಳುತ್ತಾರೆ. ಕನ್ನಡ ಓದಿದವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆ ಅಲ್ವಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಈಗ ನಾಲ್ಕು ಮಾತ್ರೆಯ ಗಣವನ್ನು ಎಷ್ಟು ರೀತಿಯಲ್ಲಿ ಕಟ್ಟಬಹುದು? ನಾಲ್ಕೂ ಲಘು. ಗುರು ಮೊದಲು ಬಂದು ಎರಡು ಲಘು. ಗುರು ನಡುವೆ. ಗುರು ಕೊನೆಗೆ. ಎರಡೂ ಗುರು. ಒಟ್ಟು ಐದು. ಮೂರು ಮಾತ್ರೆಗೆ ಮೂರು ರೀತಿ, ಐದು ಮಾತ್ರೆಗೆ ಎಂಟು.

ಈಗ ಕಾರಣ ನೋಡಿ. ಐದು ಮಾತ್ರೆಯ ಗಣ ಒಂದೋ ಲಘುವಿನಿಂದ ಮುಗಿಯಬೇಕು, ಇಲ್ಲಾ ಗುರುವಿನಿಂದ. ಲಘುವಿನಿಂದ ಮುಗಿದರೆ ಅದರ ಹಿಂದೆ ಉಳಿದದ್ದು ನಾಲ್ಕು ಮಾತ್ರೆ, ಅದಕ್ಕೆ ಐದು ರೀತಿ. ಗುರುವಿನಿಂದ ಮುಗಿದರೆ ಉಳಿದದ್ದು ಮೂರು ಮಾತ್ರೆ, ಅದಕ್ಕೆ ಮೂರು ರೀತಿ. ಐದು ಕೂಡಿಸು ಮೂರು, ಎಂಟು. ರಿಕರ್ಷನ್ ಅಂದರೆ ಇದೇ. ದೊಡ್ಡ ಪ್ರಶ್ನೆಯನ್ನು ಅದೇ ಜಾತಿಯ ಚಿಕ್ಕ ಪ್ರಶ್ನೆಗಳಾಗಿ ಒಡೆಯುವುದು. ನಮ್ಮ ಛಂದಸ್ಸಿನವರು ಈ ಲೆಕ್ಕವನ್ನು ಫಿಬೊನಾಚಿಗಿಂತ ಮೊದಲೇ ಮಾಡಿದ್ದರು. ಇಟಲಿಯ ಗಣಿತಜ್ಞ ಫಿಬೊನಾಚಿಯ ಗ್ರಂಥ 1202ರದ್ದು. ಜೈನ ವಿದ್ವಾಂಸ ಹೇಮಚಂದ್ರ ಇದನ್ನು ಸುಮಾರು 1150ರಲ್ಲೇ ಬರೆದಿದ್ದ, ಅವನಿಗೂ ಹಿಂದೆ ವಿರಹಾಂಕ ಹೇಳಿದ್ದ.

ಇಂಟರ್‌ವ್ಯೂನಲ್ಲಿ ರಿಕರ್ಷನ್ ಅಂದರೇನು ಅಂತ ಕೇಳಿದರೆ ‘ಫಂಕ್ಷನ್ ತನ್ನನ್ನೇ ಕರೆಯುವುದು’ ಎಂಬ ಉತ್ತರ ತಟ್ಟನೆ ಬರುತ್ತದೆ. ಫಂಕ್ಷನ್ ಅಂದರೆ ಒಂದು ಕೆಲಸಕ್ಕಂತ ಹೆಸರಿಟ್ಟು ಬರೆದ ಪ್ರೋಗ್ರಾಮಿನ ತುಣುಕು. ಸರಿ, ಫಿಬೊನಾಚಿ 4 ಕೇಳಿದಾಗ ಆ ಫಂಕ್ಷನ್ ಒಟ್ಟು ಎಷ್ಟು ಸಲ ಓಡುತ್ತದೆ, ಹಾಳೆಯ ಮೇಲೆ ಬರೆದು ತೋರಿಸಿ ಅಂದರೆ ಪೆನ್ನು ನಿಂತುಹೋಗುತ್ತದೆ. ಸೊನ್ನೆ ಮತ್ತು ಒಂದರಲ್ಲಿ ನಿಲ್ಲುವ ಹಾಗೆ ಬರೆದಿದ್ದರೆ ಉತ್ತರ ಒಂಬತ್ತು. ನಾಲ್ಕು ಮೂರನ್ನೂ ಎರಡನ್ನೂ ಕರೆಯುತ್ತದೆ, ಮೂರು ಮತ್ತೆ ಎರಡನ್ನೂ ಒಂದನ್ನೂ ಕರೆಯುತ್ತದೆ, ಹೀಗೆ ಮರ ಬಿಡಿಸುತ್ತಾ ಹೋದರೆ ಎರಡು ನಿಮಿಷದ ಕೆಲಸ. ಆ ಮರವನ್ನು ಒಮ್ಮೆ ಕೈಯಾರೆ ಬಿಡಿಸಿದವರಿಗೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಎರಡರ ಲೆಕ್ಕ ಎರಡು ಸಲ ನಡೆದಿದೆ, ಸುಮ್ನೆ.

ಈಗ ಅದೇ ಪ್ರೋಗ್ರಾಮಿಗೆ 40 ಕೊಡಿ. ಉತ್ತರ 10,23,34,155. ಅದಕ್ಕಾಗಿ ಫಂಕ್ಷನ್ ಓಡಿದ್ದು 33,11,60,281 ಸಲ, 33 ಕೋಟಿಗೂ ಜಾಸ್ತಿ. ಎರಡರ ಲೆಕ್ಕವೊಂದೇ 6 ಕೋಟಿ 32 ಲಕ್ಷ ಸಲ ನಡೆದಿರುತ್ತದೆ. ಸಿ ಭಾಷೆಯಲ್ಲಿ ಬರೆದಿದ್ದರೆ ಒಂದೆರಡು ಸೆಕೆಂಡಿನಲ್ಲಿ ಮುಗಿಯಬಹುದು, ಪೈಥಾನಿನಲ್ಲಿ ಬರೆದಿದ್ದರೆ ಕಾಫಿ ಕುಡಿದು ಬರಬಹುದು. 50 ಕೊಟ್ಟರೆ ಕೆಲಸ ಇನ್ನೂ ನೂರಿಪ್ಪತ್ತು ಪಟ್ಟಿಗಿಂತ ಜಾಸ್ತಿ. ಸಂಖ್ಯೆ ಹತ್ತು ಹೆಚ್ಚಿತು, ಕಾಯುವ ಹೊತ್ತು ನೂರು ಪಟ್ಟು ದಾಟಿತು. ಎಕ್ಸ್‌ಪೊನೆನ್ಷಿಯಲ್ ಟೈಮ್ ಅಂತ ನಾಲ್ಕನೇ ಸೆಮಿಸ್ಟರಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಾರಲ್ಲ, ಅದನ್ನು ಹೀಗೆ ಗಡಿಯಾರ ನೋಡಿಕೊಂಡು ಅನುಭವಿಸಬೇಕು. ಆಮೇಲೆ ಒಮ್ಮೆ ಸಿಕ್ಕ ಉತ್ತರವನ್ನು ಒಂದು ಅರೇನಲ್ಲಿ, ಅಂದರೆ ಮೆಮೊರಿಯ ಸಾಲು ಖಾನೆಗಳಲ್ಲಿ, ಬರೆದಿಟ್ಟುಕೊಳ್ಳುವ ಹಾಗೆ ಪ್ರೋಗ್ರಾಮ್ ತಿದ್ದಿ. 40ಕ್ಕೆ ನಲವತ್ತರ ಆಸುಪಾಸಿನ ಕೂಡಿಕೆ ಸಾಕು. ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ಹೆಸರು ಕೇಳಿ ಹೆದರುವವರು ಅದರ ಮೂಲ ಉಪಾಯವನ್ನು ಆಗಲೇ ಕಲಿತಿರುತ್ತಾರೆ.

ಇನ್ನೂ ಮುಂದೆ ಹೋಗಿ. ವೇಗದ ಪ್ರೋಗ್ರಾಮಿಗೆ 46 ಕೊಡಿ, 183 ಕೋಟಿ ಚಿಲ್ಲರೆ ಬರುತ್ತದೆ. 47 ಕೊಡಿ. ಸಾಮಾನ್ಯವಾಗಿ ಸ್ಕ್ರೀನಿನ ಮೇಲೆ ಮೂಡುವುದು ಮೈನಸ್ 1,32,37,52,223. ಎರಡು ಧನ ಸಂಖ್ಯೆ ಕೂಡಿಸಿದರೆ ಋಣ ಸಂಖ್ಯೆ! ಈ ಜಾಗದಲ್ಲಿ ನಿಲ್ಲುವ ವಿದ್ಯಾರ್ಥಿ ನನಗೆ ಬೇಕು. ‘ಏನೋ ಎರರ್’ ಅಂತ ಮುಂದೆ ಹೋಗದೆ, ಯಾಕೆ ಹೀಗಾಯಿತು ಅಂತ ಕೇಳುವವರು. ಪೂರ್ಣ ಸಂಖ್ಯೆ ಇಡಲು ಸಿ ಭಾಷೆ ಕೊಡುವ ಇಂಟ್ ಈಗಿನ ಯಂತ್ರಗಳಲ್ಲಿ 32 ಬಿಟ್‌ನದು. ಬಿಟ್ ಅಂದರೆ ಸೊನ್ನೆ ಇಲ್ಲವೇ ಒಂದು ಹಿಡಿಸುವ ಒಂದು ಮನೆ. ಅಂಥ ಇಂಟ್ ಒಂದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಫಿಬೊನಾಚಿ 47 ಇದನ್ನು ಮೀರುತ್ತದೆ. ಮೀರಿದಾಗ ಎಡತುದಿಯ ಚಿಹ್ನೆಯ ಬಿಟ್ 1 ಆಗುತ್ತದೆ, ಯಂತ್ರ ಅದನ್ನು ಮೈನಸ್ ಎಂದು ಓದುತ್ತದೆ. ಋಣ ಸಂಖ್ಯೆ ಬರೆಯಲು ಕಂಪ್ಯೂಟರ್ ಆರ್ಗನೈಸೇಷನ್ ಪೇಪರಿನಲ್ಲಿ ಕಲಿಸುವ ಟೂಸ್ ಕಾಂಪ್ಲಿಮೆಂಟ್ ಪದ್ಧತಿ ಇದೇ. ಇಂಟ್ ಬದಲು 64 ಬಿಟ್ಟಿನ ಲಾಂಗ್ ಲಾಂಗ್ ಹಾಕಿದರೆ 92ರವರೆಗೆ ಸರಿಯಾಗಿ ಬರುತ್ತದೆ, 93ಕ್ಕೆ ಅದೇ ಕಥೆ.

ಇದು ಬರೀ ವಿದ್ಯಾರ್ಥಿಗಳ ತಪ್ಪಲ್ಲ. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚಿನಲ್ಲಿ ನಡುವಿನ ಜಾಗ ಹುಡುಕಲು ಮೊದಲ ಮತ್ತು ಕೊನೆಯ ಸ್ಥಾನ ಕೂಡಿಸಿ ಎರಡರಿಂದ ಭಾಗಿಸುತ್ತೇವೆ. ಅರೇ ತುಂಬಾ ದೊಡ್ಡದಾದರೆ ಆ ಕೂಡಿಕೆಯೇ ಮಿತಿ ಮೀರುತ್ತದೆ. ಜಾವಾ ಭಾಷೆಯ ಜೊತೆಗೇ ಬರುವ ಲೈಬ್ರರಿಯಲ್ಲೇ ಈ ದೋಷ ವರ್ಷಗಟ್ಟಲೆ ಇತ್ತು. ಆ ಕೋಡ್ ಬರೆದಿದ್ದ ಜೋಶುವಾ ಬ್ಲಾಕ್ 2006ರಲ್ಲಿ ಅದನ್ನು ಎಲ್ಲರಿಗೂ ಬಿಡಿಸಿ ಹೇಳಿದರು. ಬೈನರಿ ಸರ್ಚ್ ನಮ್ಮ ಲ್ಯಾಬಿನಲ್ಲೂ ಇರುವ ಪ್ರೋಗ್ರಾಮು.

ಕೊನೆಗೆ, ಮೊದಲಿನ ರಿಕರ್ಷನ್ ಪ್ರೋಗ್ರಾಮಿನಲ್ಲಿ ಸೊನ್ನೆ, ಒಂದಕ್ಕೆ ನಿಲ್ಲುವ ಸಾಲನ್ನೇ ಅಳಿಸಿ ಓಡಿಸಿ ನೋಡಿ. ಸೆಗ್ಮೆಂಟೇಷನ್ ಫಾಲ್ಟ್ ಎಂಬ ಎರರ್ ಬರುತ್ತದೆ. ಪ್ರತಿ ಕರೆಗೂ ಸ್ಟ್ಯಾಕ್ ಎಂಬ ಮೆಮೊರಿಯ ಭಾಗದಲ್ಲಿ ಒಂದಿಷ್ಟು ಜಾಗ ಬೇಕು. ಸಾಮಾನ್ಯವಾಗಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಒಂದು ಪ್ರೋಗ್ರಾಮಿಗೆ 8 ಎಂಬಿ ಸ್ಟ್ಯಾಕ್ ಕೊಡುತ್ತದೆ. ಅದು ತುಂಬಿದ ಕೂಡಲೇ ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಮನ್ನು ನಿಲ್ಲಿಸಿಬಿಡುತ್ತದೆ. ಪ್ರೋಗ್ರಾಮಿನ ತಪ್ಪು ಹುಡುಕಲು ಬಳಸುವ ಜಿಡಿಬಿಯಲ್ಲಿ ಓಡಿಸಿ ಬ್ಯಾಕ್‌ಟ್ರೇಸ್ ಕೇಳಿದರೆ ಒಂದರ ಮೇಲೊಂದು ಕೂತ ಸಾವಿರಾರು ಕರೆಗಳು ಕಾಣುತ್ತವೆ. ಡೇಟಾ ಸ್ಟ್ರಕ್ಚರ್ಸಿನಲ್ಲಿ ಪುಶ್, ಪಾಪ್ ಅಂತ ಬಾಯಿಪಾಠ ಮಾಡಿದ ಸ್ಟ್ಯಾಕ್ ಇದೇ ಅಂತ ಆಗ ಗೊತ್ತಾಗುತ್ತದೆ. ಇಷ್ಟೂ ಹತ್ತಿಪ್ಪತ್ತು ಸಾಲಿನ ಒಂದು ಪ್ರೋಗ್ರಾಮಿನೊಳಗೆ.

ಆದರೆ ನಮ್ಮ ಲ್ಯಾಬುಗಳಲ್ಲಿ ನಡೆಯುವುದೇನು? ಸೀನಿಯರ್ ಕೊಟ್ಟ ಮ್ಯಾನ್ಯುಯಲ್ ನೋಡಿ ಟೈಪ್ ಮಾಡುವುದು, ಔಟ್‌ಪುಟ್ ತೋರಿಸುವುದು, ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವುದು. ಪರೀಕ್ಷೆಯಲ್ಲಿ ಚೀಟಿ ಎತ್ತಬೇಕು. ಬಂದ ಪ್ರೋಗ್ರಾಮ್ ಬೇಡವಾದರೆ ಒಂದೇ ಸಲ ಬದಲಾಯಿಸಬಹುದು, ಅದಕ್ಕೂ ಬರವಣಿಗೆಯ ಅಂಕ ಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಬಾಯಿಪಾಠ ಮಾಡುತ್ತಾರೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ವ್ಯವಸ್ಥೆ ಹಾಗಿದೆ. ಆದರೂ ಲ್ಯಾಬಿನಲ್ಲಿ ಔಟ್‌ಪುಟ್ ಬಂದ ಮೇಲೆ ಉಳಿಯುವ ಹೊತ್ತು ನಿಮ್ಮದು. ಆ ಹೊತ್ತಿನಲ್ಲಿ ಪ್ರೋಗ್ರಾಮನ್ನು ಕೆಡಿಸಿ. ಖಾಲಿ ಲಿಸ್ಟ್ ಕೊಡಿ, ಮೈನಸ್ ಸಂಖ್ಯೆ ಕೊಡಿ, ಒಂದು ಸಾಲು ಅಳಿಸಿ. ಏನಾಗುತ್ತದೆ ಅಂತ ಮೊದಲು ಊಹಿಸಿ, ಆಮೇಲೆ ಓಡಿಸಿ. ಊಹೆ ತಪ್ಪಾದ ಕಡೆಯಲ್ಲೇ ನೀವು ಕಲಿಯಬೇಕಾದ್ದು ಇರುತ್ತದೆ.

ಎಐ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಲ್ಯಾಬ್ ಪ್ರೋಗ್ರಾಮ್ ಕೇಳಿದರೆ ಚಾಟ್‌ಜಿಪಿಟಿ ಕೂಡಲೇ ಬರೆದುಕೊಡುತ್ತದೆ, ಬಹುತೇಕ ಸರಿಯಾಗಿಯೇ ಇರುತ್ತದೆ. ಕೆಲಸದಲ್ಲಿ ನಾವೂ ಬಳಸುತ್ತೇವೆ. ಆದರೆ ಅದು ಕೊಟ್ಟದ್ದರಲ್ಲಿ 47ಕ್ಕೆ ತಪ್ಪುತ್ತದೆ ಅಂತ ಹಿಡಿಯಲು ನಿಮಗೆ ಬರಬೇಕು. ಹಾಗಾಗಿ ಮೊದಲ ಎರಡು ವರ್ಷ ಮೊದಲ ಪ್ರಯತ್ನ ನಿಮ್ಮ ಕೈಯದ್ದೇ ಆಗಿರಲಿ. ಎರರ್ ಅರ್ಥವಾಗದಿದ್ದರೆ ಕೇಳಿ, ಉತ್ತರ ಬರೆಸಬೇಡಿ. ಇದರಲ್ಲಿ ನಾನು ಸಡಿಲ ಬಿಡುವವಳಲ್ಲ.

ಗಣಿತದ ಬಗ್ಗೆ ಒಂದೇ ಮಾತು. ಡಿಸ್ಕ್ರೀಟ್ ಮ್ಯಾಥ್ಸ್ ಮತ್ತು ಪ್ರಾಬಬಿಲಿಟಿ ಬಿಟ್ಟುಕೊಡಬೇಡಿ. ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೇ ಸೆಮಿಸ್ಟರಿಗೆ ಬರುವವರ ಕೈ ಚೆನ್ನಾಗಿ ಪಳಗಿರುತ್ತದೆ, ಗಣಿತದಲ್ಲಿ ಒದ್ದಾಡುತ್ತಾರೆ. ಪಿಯುಸಿಯಿಂದ ಬಂದವರದ್ದು ಉಲ್ಟಾ. ಜೊತೆಗೆ ಕೂತು ಓದಿದರೆ ಇಬ್ಬರಿಗೂ ಲಾಭ.

ಕೊನೇ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಳ್ಳುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಮನೆಯವರು ಕಷ್ಟಪಟ್ಟು ಕೊಟ್ಟ ದುಡ್ಡು. ಇಂಟರ್‌ವ್ಯೂನಲ್ಲಿ ‘ಈ ಡೇಟಾ ಎಲ್ಲಿ ಉಳಿಯುತ್ತದೆ?’ ಎಂಬ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ದೊಡ್ಡ ಹೆಸರಿನ ಪ್ರಾಜೆಕ್ಟ್ ಬೇಡ. ನಿಮ್ಮ ಊರಿನ ಹಾಲಿನ ಡೈರಿಯ ಲೆಕ್ಕ ಮಾಡಿ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಫ್ಯಾಟ್ ಬಿಟ್ಟು ಉಳಿದ ಘನಾಂಶ, ಅಂದರೆ ಎಸ್‌ಎನ್‌ಎಫ್ ಎಷ್ಟು. ಪ್ರತಿ ಸಾಲಿನಲ್ಲೂ ಸದಸ್ಯರ ಹೆಸರು ಬರೆದರೆ ಒಂದು ದಿನ ‘ಮಂಜಮ್ಮ’, ಇನ್ನೊಂದು ದಿನ ‘ಮಂಜಮ್ಮ ಕೆ.’ ಅಂತಾಗಿ ಒಬ್ಬರ ಹಾಲು ಎರಡು ಖಾತೆಗೆ ಹೋಗುತ್ತದೆ. ಹೆಸರನ್ನು ಒಂದೇ ಟೇಬಲಿನಲ್ಲಿಟ್ಟು, ಉಳಿದ ಕಡೆ ಸದಸ್ಯರ ನಂಬರ್ ಮಾತ್ರ ಇಡಬೇಕಾಗುತ್ತದೆ. ಡಿಬಿಎಂಎಸ್ ಪೇಪರಿನಲ್ಲಿ ಇದಕ್ಕೆ ನಾರ್ಮಲೈಸೇಷನ್ ಅಂತಾರೆ, ಅದು ಯಾಕೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಕಲಿಸಲಾರರು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಭಾರ. ಲೆಕ್ಚರರ್ ಹೇಳಿದ್ದು ಅರ್ಥವಾಗುವಷ್ಟರಲ್ಲಿ ಬೋರ್ಡ್ ಅಳಿಸಿರುತ್ತಾರೆ. ಅಂಥವರು ರೂಮಿಗೆ ಬಂದು ಆ ದಿನದ ಪಾಠವನ್ನು ಸ್ನೇಹಿತರಿಗೆ ಕನ್ನಡದಲ್ಲೇ ವಿವರಿಸಿ. ಎಲ್ಲಿ ಮಾತು ತಡವರಿಸುತ್ತದೋ ಆ ಭಾಗ ಅರ್ಥವಾಗಿಲ್ಲ, ಅದನ್ನು ಮತ್ತೆ ಓದಿ. ಐಐಟಿ ಮತ್ತು ಐಐಎಸ್ಸಿಯವರ ಎನ್‌ಪಿಟಿಇಎಲ್ ವಿಡಿಯೊಗಳು ಉಚಿತ, ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಟೆಕ್ನಿಕಲ್ ಇಂಟರ್‌ವ್ಯೂನಲ್ಲಿ ನಾವು ನೋಡುವುದು ಹಾಳೆಯ ಮೇಲೆ ಬಿಡಿಸಿದ ಮರವನ್ನು. ಇಂಗ್ಲಿಷ್ ತಡವರಿಸಿದರೂ ಮರ ಸರಿಯಿದ್ದರೆ ಮಾತು ಮುಂದುವರಿಯುತ್ತದೆ.

ಲ್ಯಾಪ್‌ಟಾಪ್ ವಿಷಯಕ್ಕೆ ಸಾಲ ಮಾಡಬೇಡಿ. ಗ್ರಾಫಿಕ್ಸ್ ಕಾರ್ಡಿರುವ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತ ಅಂಗಡಿಯವರು ಹೇಳಬಹುದು. ಮೊದಲ ಮೂರು ವರ್ಷದ ಪಾಠಕ್ಕೆ ಅದು ಬೇಕಿಲ್ಲ. 8 ಜಿಬಿ ರ‍್ಯಾಮ್ ಇರುವ ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಸಿ, ಪೈಥಾನ್, ಜಾವಾ, ಡೇಟಾಬೇಸ್ ಎಲ್ಲವೂ ಓಡುತ್ತವೆ. ಲಿನಕ್ಸ್ ಉಚಿತ, ಕಂಪೈಲರ್ ಉಚಿತ, ಜಿಡಿಬಿ ಉಚಿತ.