ಸೈಟ್ ಒಪ್ಪಿಸಿದ ಮೇಲೆ ಶುರುವಾಗುವ ಸಂಪಾದನೆ

ಸ್ವಂತವಾಗಿ ವೆಬ್‌ಸೈಟ್ ಮಾಡಿಕೊಡುವವರ ಕೈ ಹಿಡಿಯುವುದು ನಿರ್ವಹಣೆಯ ಕೆಲಸ. 50,000 ರೂಪಾಯಿಗೆ ಒಂದು ಸೈಟ್ ಕಟ್ಟಿದರೆ ಆ ಹಣ ಎರಡು ತಿಂಗಳಲ್ಲಿ ಕರಗುತ್ತದೆ, ಮತ್ತೆ ಗಿರಾಕಿ ಹುಡುಕಬೇಕು. ಅದರ ಜೊತೆಗೇ ವರ್ಷಕ್ಕೆ 12,000 ರೂಪಾಯಿಯ ನಿರ್ವಹಣಾ ಒಪ್ಪಂದ ಮಾಡಿಕೊಂಡು, ಅಂಥ 20 ಗಿರಾಕಿಗಳನ್ನು ಉಳಿಸಿಕೊಂಡರೆ ಹೊಸ ಕೆಲಸ ಬರಲಿ ಬಿಡಲಿ ತಿಂಗಳಿಗೆ 20,000 ಬರುತ್ತದೆ. ಒಗ್ಗದ ಕೆಲಸಕ್ಕೆ ‘ಆಗಲ್ಲ’ ಅನ್ನುವ ಧೈರ್ಯ ಬರುವುದೂ ಆಗಲೇ.

ಈ ಒಪ್ಪಂದ ಕೆಡುವುದು ‘ಸಣ್ಣ ಬದಲಾವಣೆ’ ಎಂಬ ಮಾತಿನಿಂದ. ಫೋನ್ ನಂಬರ್ ತಿದ್ದುವುದೂ ಸಣ್ಣದು, ಹೊಸ ಪುಟ ಸೇರಿಸುವುದೂ ಸಣ್ಣದು ಎಂದೇ ಗಿರಾಕಿ ತಿಳಿದಿರುತ್ತಾರೆ. ಹಾಗಾಗಿ ತಿಂಗಳಿಗೆ 2 ಗಂಟೆ ಎಂದು ಬರೆದುಬಿಡಿ, ಮೀರಿದ್ದಕ್ಕೆ ಗಂಟೆಯ ಲೆಕ್ಕ. ಸೈಟ್ ಕಟ್ಟುವಾಗಿನ ಹಣ 40-30-30ರ ಕಂತಿನಲ್ಲಿರಲಿ: ಆರಂಭಕ್ಕೆ, ವಿನ್ಯಾಸ ಒಪ್ಪಿದಾಗ, ಸೈಟ್ ತೆರೆಯುವ ಮುಂಚೆ. ‘ತೆರೆದ ಮೇಲೆ’ ಎಂದು ಬರೆದರೆ ಕೊನೆಯ ಕಂತಿಗೆ ಅಲೆಯಬೇಕಾಗುತ್ತದೆ.

ಡೊಮೈನ್, ಅಂದರೆ ಸೈಟಿನ ವಿಳಾಸ, ಗಿರಾಕಿಯ ಹೆಸರಿನಲ್ಲಿ, ಅವರದೇ ಇಮೇಲ್‌ನಲ್ಲಿ ನೋಂದಣಿಯಾಗಿರಬೇಕು. ನಿಮ್ಮ ಖಾತೆಯಲ್ಲಿಟ್ಟುಕೊಂಡು, ಕಾರ್ಡಿನ ಅವಧಿ ಮುಗಿದು ನವೀಕರಣ ತಪ್ಪಿತೆಂದರೆ ಸೈಟಿನ ಜೊತೆಗೆ ಅವರ ಕಚೇರಿಯ ಇಮೇಲೂ ನಿಲ್ಲುತ್ತದೆ. ಬ್ಯಾಕಪ್ ಅದೇ ಸರ್ವರ್‌ನಲ್ಲಿದ್ದರೆ ಇದ್ದೂ ಇಲ್ಲದಂತೆ. ಬೇರೆ ಕಡೆ ಇಡಿ, ಮೂರು ತಿಂಗಳಿಗೊಮ್ಮೆ ಮರಳಿ ತೆರೆದು ನೋಡಿ. ಗಿರಾಕಿ ವರ್ಷ ವರ್ಷ ದುಡ್ಡು ಕೊಡುವುದು ಈ ನಿಶ್ಚಿಂತೆಗೇ.

ತೆರಿಗೆಯ ವಿಷಯದಲ್ಲಿ ಒಂಟಿ ವೃತ್ತಿಪರರಿಗೆ ಒಳ್ಳೆಯ ಅನುಕೂಲವಿದೆ, ಬಹಳ ಮಂದಿ ಬಳಸುವುದೇ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಎಂದು ಹೆಸರಾದ ಊಹಾತ್ಮಕ ಆದಾಯದ ನಿಯಮದ ಪ್ರಕಾರ, ಒಟ್ಟು ಗಳಿಕೆಯ ಕನಿಷ್ಠ ಅರ್ಧವನ್ನು ಆದಾಯವೆಂದು ತೋರಿಸಿದರೆ ಖರ್ಚಿನ ರಸೀದಿಗಳ ಲೆಕ್ಕಪುಸ್ತಕ ಬೇಕಿಲ್ಲ. ಮಾಹಿತಿ ತಂತ್ರಜ್ಞಾನದ ವೃತ್ತಿಯೂ ಇದರೊಳಗಿದೆ. ವರ್ಷದ ಗಳಿಕೆಯ ಮಿತಿ 50 ಲಕ್ಷ, ನಗದು ಶೇ. 5 ಮೀರದಿದ್ದರೆ 75 ಲಕ್ಷ. ಗಿರಾಕಿ ಕಂಪನಿ ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿದು ಕೊಟ್ಟಿದೆ ಎನ್ನಿ. 12 ಲಕ್ಷ ಗಳಿಕೆಯಲ್ಲಿ 1.2 ಲಕ್ಷ ಕಡಿತ. ಆದಾಯ 6 ಲಕ್ಷವೆಂದಾದರೆ, 2025-26ರ ಹೊಸ ಪದ್ಧತಿಯಲ್ಲಿ ತೆರಿಗೆ ಬೀಳುವುದಿಲ್ಲ, ರಿಟರ್ನ್ ಸಲ್ಲಿಸಿದರೆ ಕಡಿದದ್ದು ಪೂರ್ತಿ ವಾಪಸ್. ವರ್ಷದ ಗಳಿಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮರೆಯಬೇಡಿ.

ಹಣದಾಚೆಗಿನ ಪ್ರತಿಫಲ ಇನ್ನೊಂದಿದೆ. ದೊಡ್ಡ ಕಂಪನಿಯಲ್ಲಿ ಒಂದು ಫಾರ್ಮಿನ ಪಾಡು ನೋಡಿಕೊಂಡೇ ವರ್ಷ ಕಳೆಯಬಹುದು. ಇಲ್ಲಿ ಮೊದಲ ಅಕ್ಷರದಿಂದ ಕೊನೆಯವರೆಗೆ ಹೊಣೆ ಒಬ್ಬರದೇ, ಕನ್ನಡ ಸೈಟುಗಳಲ್ಲಂತೂ ಆ ಹೊಣೆಗೆ ಬೆಲೆ ಹೆಚ್ಚು. ಇಂಗ್ಲಿಷಿಗೆಂದು ಕಟ್ಟಿದ ಥೀಮಿನಲ್ಲಿ (ಸಿದ್ಧ ವಿನ್ಯಾಸದಲ್ಲಿ) ಬಟನ್ನಿನ ಎತ್ತರ ಬಿಗಿಯಾಗಿದ್ದರೆ ‘ಇನ್ನಷ್ಟು’ ಎಂಬ ಪದದ ಒತ್ತುಗಳು ಕತ್ತರಿಸಿಹೋಗಿ ‘ಇನಷು’ ಎಂದು ಕಾಣುತ್ತದೆ. ಸಾಲಿನ ಎತ್ತರ 1.6ರಿಂದ 1.7 ಇಟ್ಟು, ಬಟನ್ನಿಗೆ ಕೆಳಗೆ ಜಾಗ ಕೊಟ್ಟರೆ ಸರಿಹೋಗುತ್ತದೆ.

ಸಹಕಾರ ಸಂಘ, ಮಠ, ಪ್ರಕಾಶನದವರು ಕೊಡುವ ಹಳೆಯ ಬರಹ ಸಾಮಾನ್ಯವಾಗಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ಕೂರಿಸಿದ ಫಾಂಟಿನಲ್ಲಿರುತ್ತದೆ. ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡಿಗೆ ತರುವಾಗ ಮೊದಲು ಕೆಡುವುದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತನೆಯ ಬಳಿಕ ‘ಧರ್ಮ’, ‘ಸೂರ್ಯ’, ‘ಕಾರ್ಯಕ್ರಮ’ ಇವನ್ನು ಹುಡುಕಿ ನೋಡಿ. ಈ ಮೂರು ಸಿಗದಿದ್ದರೆ ಉಳಿದ ಪುಟಗಳನ್ನೂ ನಂಬುವಂತಿಲ್ಲ. ಸಿಕ್ಕರೆ, ಇಪ್ಪತ್ತು ವರ್ಷ ಕಡತದಲ್ಲಿದ್ದ ಬರಹ ಮೊದಲ ಸಲ ಗೂಗಲ್ ಹುಡುಕಾಟಕ್ಕೆ ಕಾಣಿಸಿಕೊಳ್ಳುತ್ತದೆ.